ತೈನಾನ್‌ನಲ್ಲಿ ಮೊಮ್ಮಗಳಿಗೊಂದು ಶಾಲೆ

ಹೊರಡುವ ಮುಂಚೆ

ಮೂವತ್ತಾರು ವರ್ಷ ಶಾಲೆ ನಡೆಸಿದವನಿಗೆ ಒಂದು ಶಾಲೆ ಹುಡುಕುವುದೇನು ಮಹಾ ಎಂಬ ಧಿಮಾಕಿನಲ್ಲೇ ನಾನು ವಿಮಾನ ಹತ್ತಿದ್ದು. ಶ್ರೀರಂಗಪಟ್ಟಣದಲ್ಲಿ ಮೇಷ್ಟ್ರಾಗಿ ಶುರುಮಾಡಿ, ಕೆ.ಆರ್. ಪೇಟೆ, ನಾಗಮಂಗಲ ಸುತ್ತಿ, ಪಾಂಡವಪುರದಲ್ಲಿ ಹೆಡ್ಮಾಸ್ಟರಾಗಿ ನಿವೃತ್ತನಾದವನು. ಗೇಟಿನ ಹತ್ತಿರ ನಿಂತರೆ ಸಾಕು, ಒಳಗೆ ಪಾಠ ನಡೆಯುತ್ತಿದೆಯೋ ಬರೀ ಹಾಜರಿ ನಡೆಯುತ್ತಿದೆಯೋ ಹೇಳಿಬಿಡುತ್ತಿದ್ದೆ. ನಮ್ಮೂರು ಕ್ಯಾತನಹಳ್ಳಿಯಲ್ಲಿ ಇವತ್ತಿಗೂ ನನ್ನ ಹೆಸರು ‘ಎಡ್ಮಾಸ್ಟ್ರು’. ಸಿದ್ದೇಗೌಡ ಅಂದರೆ ಪೋಸ್ಟ್‌ಮನ್ನಿಗೂ ಗೊತ್ತಾಗುವುದಿಲ್ಲ.

ನಮ್ಮ ಮಗಳು ಸುಮಾ ಟೊಮೆಟೊ ಗಿಡದ ರೋಗಗಳ ಮೇಲೆ ಸಂಶೋಧನೆ ಮಾಡುವವಳು. ತೈವಾನ್ ದೇಶದ ತೈನಾನ್ ಎಂಬ ಊರಿನ ಬೀಜ ಸಂಶೋಧನಾ ಕೇಂದ್ರವೊಂದರಲ್ಲಿ ಅವಳಿಗೆ ಎರಡು ವರ್ಷದ ಕೆಲಸ ಸಿಕ್ಕಿತು. ಅಳಿಯ ನಾಗಮಂಗಲದಲ್ಲಿ ದನದ ಡಾಕ್ಟರು. ಅವನಿಗೆ ರಜ ಸಿಗುವುದಿಲ್ಲ, ಸಿಕ್ಕರೂ ದನ ಕಟ್ಟಿದವರು ಬಿಡುವುದಿಲ್ಲ. ಉಳಿದವಳು ಅವರ ಮಗಳು ಪಾವನಿ, ಒಂಬತ್ತು ವರ್ಷ. ಅವಳನ್ನು ಕರೆದುಕೊಂಡು ಹೋಗುವುದೋ, ನಮ್ಮಲ್ಲಿ ಬಿಡುವುದೋ?

“ಮಗೀನ ಇಲ್ಲೇ ಬುಟ್ಟೋಗು,” ಅಂದಳು ನನ್ನ ಹೆಂಡತಿ ಜಯಮ್ಮ. “ಭಾಸೆ ಗೊತ್ತಿಲ್ದಿರೋ ದೇಸ್ದಲ್ಲಿ ಮೂಕಿ ಅಂಗೆ ಕುಂತ್ಕಬೇಕಾ ಅದು?”

“ಎರಡ್ ವರ್ಷ ಅವ್ಳನ್ನ ಬುಟ್ಟು ಇರಕ್ಕಾಗಕಿಲ್ಲ ಕಣವ್ವಾ. ಅವ್ಳು ಬರ್ನಿಲ್ಲ ಅಂದ್ರೆ ನಾನೂ ಓಗಕಿಲ್ಲ,” ಅಂದಳು ಸುಮಾ.

ಹನ್ನೆರಡು ವರ್ಷ ಹಸಿರುಮನೆಯೊಳಗೆ ಬೆವರು ಸುರಿಸಿ ಸಂಪಾದಿಸಿದ ಕೆಲಸವನ್ನು ಹಾಗೆ ಒಂದೇ ಮಾತಿನಲ್ಲಿ ಕೈಬಿಡಲು ನಿಂತವಳನ್ನು ಕಂಡು ನನಗೆ ದಿಗಿಲಾಯಿತು. ಕೊನೆಗೆ ಹೀಗೊಂದು ಒಪ್ಪಂದ ಮಾಡಿಕೊಂಡೆವು. ನಾನೂ ಜೊತೆಗೆ ಹೋಗಿ ಇಪ್ಪತ್ತೆರಡು ದಿನ ಇರುವುದು. ಅಷ್ಟರಲ್ಲಿ ಶಾಲೆ ಸಿಕ್ಕಿ ಮಗು ಒಗ್ಗಿಕೊಂಡರೆ ಅಲ್ಲೇ ಇರುವುದು. ಇಲ್ಲವಾದರೆ ಮಗು ನನ್ನೊಂದಿಗೆ ವಾಪಸ್ಸು, ಅದರ ಹಿಂದೆಯೇ ಸುಮಾ ಕೆಲಸಕ್ಕೆ ರಾಜೀನಾಮೆ ಕೊಟ್ಟು ವಾಪಸ್ಸು. ಹಿಂದಿರುಗುವ ಟಿಕೆಟನ್ನು ನನಗೂ ಪಾವನಿಗೂ ಸೇರಿಸಿಯೇ ತೆಗೆಸಿದೆವು. ಜಯಮ್ಮ ಬರಲಿಲ್ಲ. ಅವಳ ಎರಡು ಸೀಮೆಹಸು ಬೇರೆಯವರ ಕೈಗೆ ಹಾಲು ಇಳಿಸುವುದಿಲ್ಲವಂತೆ.

ತೈನಾನ್, ಎರಡನೇ ದಿನ

ತೈನಾನ್ ಆ ದ್ವೀಪದ ದಕ್ಷಿಣದ ಹಳೆಯ ಊರು. ಆಗಸ್ಟ್ ಕೊನೆಯಲ್ಲೂ ನಮ್ಮ ಏಪ್ರಿಲ್ಲಿನ ಬಿಸಿಲು. ಊರಾಚೆ ಕಬ್ಬಿನ ಗದ್ದೆ ಕಂಡಾಗ ಬಸ್ಸಿನಲ್ಲೇ ಎದ್ದು ನಿಂತುಬಿಟ್ಟೆ. ಕಬ್ಬು ಕಂಡರೆ ನಮ್ಮ ಕಡೆಯವರಿಗೆ ನೆಂಟರನ್ನು ಕಂಡಂತೆ. ನಮಗೆ ಸಿಕ್ಕಿದ್ದು ಒಂದು ಗಲ್ಲಿಯ ಮೂರನೇ ಮಹಡಿಯ ಮನೆ. ಕೆಳಗೆ ಮನೆ ಒಡತಿ, ಎಪ್ಪತ್ತು ದಾಟಿದ ಅಜ್ಜಿ. ನನ್ನ ಕನ್ನಡ ಅವರಿಗೆ ಬಾರದು, ಅವರ ಚೀನಿ ನನಗೆ ಬಾರದು. ಆದರೂ ಇಬ್ಬರೂ ದಿನಾ ಬೆಳಿಗ್ಗೆ ಹತ್ತು ನಿಮಿಷ ಮಾತಾಡುತ್ತಿದ್ದೆವು.

ಎರಡನೇ ದಿನ ಸಂಜೆ ಗಲ್ಲಿಯಲ್ಲಿ ವಾದ್ಯದ ಸದ್ದು ಕೇಳಿಸಿತು. ಇಣುಕಿದರೆ ಹಳದಿ ಬಣ್ಣದ ದೊಡ್ಡ ವಾಹನವೊಂದು ದೀಪ ಮಿನುಗಿಸುತ್ತ, ಇಂಪಾಗಿ ಸಂಗೀತ ನುಡಿಸುತ್ತ ನಿಧಾನಕ್ಕೆ ಬರುತ್ತಿದೆ. ಮನೆಮನೆಯಿಂದ ಗಂಡಸರು ಹೆಂಗಸರು ಕೈಯಲ್ಲಿ ಚೀಲ ಹಿಡಿದು ಎದುರುಗೊಳ್ಳಲು ಓಡುತ್ತಿದ್ದಾರೆ. ಊರ ದೇವರು ಬಂತು ಎಂದುಕೊಂಡೆ. ದಡದಡ ಮೆಟ್ಟಿಲಿಳಿದು, ಚಪ್ಪಲಿ ಕಳಚಿಟ್ಟು, ಗಲ್ಲಿಯ ಅಂಚಿನಲ್ಲಿ ಕಣ್ಣು ಮುಚ್ಚಿ ಕೈಮುಗಿದೆ. ‘ತಾಯಿ, ನಮ್ಮ ಮಗೀಗೊಂದು ದಾರಿ ತೋರಿಸು’ ಅಂತಲೂ ಬೇಡಿಕೊಂಡೆ. ಕಣ್ಣು ಬಿಟ್ಟರೆ ಜನ ಆ ಚೀಲಗಳನ್ನು ವಾಹನದ ಹಿಂಬದಿಗೆ ಎಸೆಯುತ್ತಿದ್ದಾರೆ! ಅದು ಕಸದ ಲಾರಿ. ಮನೆ ಒಡತಿ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತ ಗೋಡೆಗೆ ಒರಗಿದ್ದರು. ನಮ್ಮೂರಲ್ಲಾಗಿದ್ದರೆ ಈ ಕಥೆ ಸಾಯುವವರೆಗೂ ನನ್ನನ್ನು ಬಿಡುತ್ತಿರಲಿಲ್ಲ. ಅಲ್ಲಿಯೂ ಬಿಡಲಿಲ್ಲ. ಮರುದಿನದಿಂದ ಗಲ್ಲಿಯವರೆಲ್ಲ ನನ್ನನ್ನು ಕಂಡರೆ ಕೈಮುಗಿಯತೊಡಗಿದರು.

ಎರಡು ಶಾಲೆಗಳು

ಸುಮಾಳ ಹಟ ಒಂದೇ. ಪೂರ್ತಿ ಚೀನಿ ಭಾಷೆಯಲ್ಲೇ ಕಲಿಸುವ ಶಾಲೆ ಆಗಬೇಕು.

“ಅರ್ಧ ಇಂಗ್ಲಿಷು ಅರ್ಧ ಚೀನಿ ಅಂದ್ರೆ ಇವ್ಳು ಇಂಗ್ಲಿಷ್‌ಗೇ ನೇತಾಕತಾಳೆ ಅಪ್ಪಾ. ಈ ಗಲ್ಲಿ ಮಕ್ಕಳ ಜೊತೆ ಆಡ್ದೆ ಎರಡ್ ವರ್ಷ ಎಂಗಿರ್ತಾಳೆ ಏಳಿ? ನೀರಿಗೆ ಇಳಿಸ್ಬುಡಣ, ಈಜ್ಕತಾಳೆ.”

ಕೆರೆ ನೋಡಿರದ ಮಗುವನ್ನು ಏಕಾಏಕಿ ಇಳಿಸುವುದು ನನಗೆ ಸರಿ ಕಾಣಲಿಲ್ಲ. ಆದ್ದರಿಂದ ಮೊದಲು ನಗರದ ಆಚೆ ತುದಿಯ ಒಂದು ಇಂಗ್ಲಿಷ್ ಶಾಲೆಗೆ ನಾನೇ ಹಟ ಹಿಡಿದು ಕರೆದೊಯ್ದೆ. ಹುಲ್ಲುಹಾಸು, ಈಜುಕೊಳ, ಎಲ್ಲವೂ ಇತ್ತು. ಮಕ್ಕಳು ಕಾರಿನಿಂದಿಳಿದು ನೇರ ಒಳಗೆ ಹೋಗುತ್ತಿದ್ದವು. ಗೇಟಿನಾಚೆಯ ಊರಿಗೂ ಆ ಶಾಲೆಗೂ ಸಂಬಂಧವೇ ಇರಲಿಲ್ಲ.

“ಇದೇ ವಾಸಿ ಕಣವ್ವಾ,” ಅಂದೆ ಸುಮಾಳಿಗೆ.

ಅವಳು ನಿಂತು ನನ್ನನ್ನೇ ನೋಡಿದಳು. “ಅಲ್ಲಪ್ಪಾ, ಮಗೀನ ಕಾನ್ವೆಂಟಿಗೆ ಸೇರುಸ್ತೀವಿ ಅಂದೋರ್ ಮನೆ ಜಗಲೀಲಿ ಓಗಿ ಕುಂತ್ಕಂಡು, ಕನ್ನಡ ಸಾಲೆಗೇ ಕಳ್ಸಿ ಅಂತ ಕಾಡ್ತಿದ್ರಲ್ಲ, ಆ ಎಡ್ಮಾಸ್ಟ್ರು ನೀವೇನಾ?”

ಎಷ್ಟೋ ಮನೆಯವರಿಗೆ ನಾನು ಮಾಡಿದ ಬೋಧನೆ ನನ್ನ ಮೊಮ್ಮಗಳ ತನಕ ಬಂದಾಗ ಪುಸ್ಸೆಂದು ಗಾಳಿ ಬಿಟ್ಟಿತ್ತು. ಆ ದಿನ ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ.

ಎರಡನೆಯದು, ಹೊರದೇಶದ ಮಕ್ಕಳನ್ನು ಚೀನಿಯಲ್ಲೇ ಮುಳುಗಿಸಿ ಕಲಿಸುವ ಖಾಸಗಿ ಶಾಲೆ. ಸುಮಾ ಊರಲ್ಲಿದ್ದಾಗಲೇ ಇಂಟರ್ನೆಟ್ಟಿನಲ್ಲಿ ನೋಡಿ ಮನಸ್ಸಿಟ್ಟುಕೊಂಡಿದ್ದು ಅದನ್ನೇ. ಅಲ್ಲಿನ ಮೇಡಂ ಪಾವನಿಯ ಮುಂದೆ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಇಟ್ಟರು. ಹಸು, ಕೊಡೆ, ಬಾಳೆಹಣ್ಣು. ಊರಲ್ಲಿ ಒಂದು ಕ್ಷಣ ಬಾಯಿ ಮುಚ್ಚದ ಹುಡುಗಿ ಅಲ್ಲಿ ತುಟಿ ಬಿಚ್ಚಲಿಲ್ಲ. ನನ್ನ ಅಂಗಿಯ ಅಂಚು ಹಿಡಿದುಕೊಂಡು ನೆಲ ನೋಡುತ್ತಿತ್ತು. ಇವಳನ್ನು ಐದು ವರ್ಷದ ಮಕ್ಕಳ ಜೊತೆ ಕೂರಿಸಬೇಕಾಗುತ್ತದೆ, ಅದಕ್ಕೂ ಈ ವರ್ಷ ಜಾಗವಿಲ್ಲ ಎಂದರು. ಅವರ ತಪ್ಪೇನೂ ಇಲ್ಲ, ಮರ್ಯಾದೆಯಾಗಿಯೇ ಹೇಳಿದರು. ಹೊರಗೆ ಬಂದ ಮೇಲೆ ಸುಮಾ ಫುಟ್‌ಪಾತಿನ ಮೇಲೆ ಕೂತು ಅತ್ತಳು.

ನಾನು ಸಮಾಧಾನ ಮಾಡಿದೆ. ಆದರೆ ಇಲ್ಲಿ ನಿಜ ಹೇಳಿಬಿಡಬೇಕು. ನನ್ನೊಳಗೆ ಒಂದು ಮೂಲೆಯಲ್ಲಿ ಖುಷಿಯಾಗುತ್ತಿತ್ತು. ಶಾಲೆ ಸಿಗದಿದ್ದರೆ ಪಾವನಿ ನಮ್ಮೊಂದಿಗೆ ಬರುತ್ತಾಳೆ, ನನ್ನ ಸೈಕಲ್ಲಿನ ಹಿಂದೆ ಕೂತು ಡೇರಿಗೆ ಬರುತ್ತಾಳೆ. ಫೋನಿನಲ್ಲಿ ಜಯಮ್ಮನೂ, “ಸಿಗ್ನಿಲ್ವಾ? ಓಗ್ಲಿ ಬುಡಿ, ಕರ್ಕಂಡ್ ಬಂದ್ಬುಡಿ ಅತ್ಲಾಗೆ,” ಅಂದಳು. ಅವಳ ದನಿಯಲ್ಲೂ ದುಃಖವಿರಲಿಲ್ಲ. ಮಗಳು ಫುಟ್‌ಪಾತಿನಲ್ಲಿ ಅಳುತ್ತಿರುವಾಗ ಹೆತ್ತವರು ಹೀಗೆ ಯೋಚಿಸುವುದು ಎಂಥ ಕೆಟ್ಟತನ ಎಂದು ಈಗ ಅನಿಸುತ್ತದೆ.

ಗಲ್ಲಿಯ ಶಾಲೆ

ಮೂರನೆಯದನ್ನು ನಾವು ಹುಡುಕಲಿಲ್ಲ. ಅಜ್ಜಿಯೇ ಒಂದು ಬೆಳಿಗ್ಗೆ ಪಾವನಿಯ ಕೈ ಹಿಡಿದು, ಬನ್ನಿ ಬನ್ನಿ ಎಂದು ಸನ್ನೆ ಮಾಡಿ, ಗಲ್ಲಿಯ ತುದಿಯ ಸರ್ಕಾರಿ ಪ್ರಾಥಮಿಕ ಶಾಲೆಗೆ ನಡೆಸಿಕೊಂಡು ಹೋದರು. ಅವರ ಮಕ್ಕಳು, ಮೊಮ್ಮಕ್ಕಳು ಓದಿದ ಶಾಲೆ ಅದು. ನಾವು ಎರಡು ವಾರ ಊರೆಲ್ಲ ಸುತ್ತಿದ್ದೆವು, ಶಾಲೆ ಮನೆಯಿಂದ ಕೂಗಳತೆಯಲ್ಲಿತ್ತು. ಸರ್ಕಾರಿ ಶಾಲೆಯಲ್ಲೇ ಜೀವ ತೇಯ್ದ ನನಗೂ ಅದು ಹೊಳೆದಿರಲಿಲ್ಲವಲ್ಲ!

ಅಲ್ಲಿ ಇಂಗ್ಲಿಷ್ ಬಲ್ಲವರೆಂದರೆ ಇಂಗ್ಲಿಷ್ ಪಾಠ ಮಾಡುವ ಮಿಸ್ ಚೆನ್ ಒಬ್ಬರೇ. ಮುಖ್ಯೋಪಾಧ್ಯಾಯಿನಿ ಅರವತ್ತರ ಹತ್ತಿರದ ಕುಳ್ಳನೆಯ ಹೆಂಗಸು, ಕ್ಯಾನ್ವಾಸ್ ಶೂ ಹಾಕಿಕೊಂಡು ಎಲ್ಲಿಗೂ ಓಡಿಕೊಂಡೇ ಹೋಗುವವರು. ನಾನು ಅವರಿಗೆ ಹೆಡ್ಮಿಸ್ಸು ಎಂದು ಹೆಸರಿಟ್ಟೆ. ಚಿತ್ರ ತೋರಿಸಲಿಲ್ಲ, ಪ್ರಶ್ನೆ ಕೇಳಲಿಲ್ಲ. “ಒಂದು ವಾರ ಬರಲಿ. ಆಮೇಲೆ ಅವಳೂ ನಾವೂ ಕೂತು ತೀರ್ಮಾನ ಮಾಡೋಣ,” ಎಂದು ಮಿಸ್ ಚೆನ್ ಮೂಲಕ ಹೇಳಿಸಿದರು. ನನಗೆ ಉಳಿದಿದ್ದೂ ಅಷ್ಟೇ ದಿನ.

ನಾನೂ ಹೆಡ್ಮಾಸ್ಟರಾಗಿದ್ದವನು ಎಂದು ತಿಳಿದು ವರಾಂಡದ ಕಲ್ಲುಬೆಂಚಿನ ಮೇಲೆ ಕೂರಲು ವಿಶೇಷ ಅನುಮತಿ ಕೊಟ್ಟರು. ಮೊದಲ ಮೂರು ದಿನ ಒಂಬತ್ತು ಗಂಟೆಗೆ ಹೋಗುತ್ತಿದ್ದೆವು. ಪಾವನಿ ಒಂದು ಮಾತೂ ಆಡಲಿಲ್ಲ. ಗಂಟೆ ಹೊಡೆದ ಕೂಡಲೇ ಓಡಿಬಂದು ನನ್ನ ಪಕ್ಕ ಕೂರುವುದು, ನನಗೆ ಅಂಟಿಕೊಂಡು ಬೇರೆ ಮಕ್ಕಳು ಆಡುವುದನ್ನು ನೋಡುವುದು.

“ತಾತಾ, ಅವ್ರು ಏನಂತಾವ್ರೆ?”

“ನಂಗೂ ಗೊತ್ತಿಲ್ಲ ಕಣವ್ವಾ. ಬಾ, ಚಕ್ಲಿ ತಿನ್ನು.”

ಊಟಕ್ಕೆ ಮಕ್ಕಳೇ ಟೋಪಿ ಹಾಕಿಕೊಂಡು ಬಡಿಸುವುದು, ಉಂಡ ಮೇಲೆ ಇಡೀ ಶಾಲೆ ಮೇಜಿನ ಮೇಲೆ ತಲೆಯಿಟ್ಟು ಅರ್ಧ ಗಂಟೆ ನಿದ್ದೆ ಮಾಡುವುದು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಊಟದ ನಂತರದ ಗಣಿತದ ಪಾಠದಲ್ಲಿ ನಿದ್ದೆ ಮಾಡಿದ ಹುಡುಗರಿಗೆ ನಾನು ಕೊಟ್ಟ ಏಟುಗಳು ನೆನಪಾಗಿ ನಾಚಿಕೆಯೂ ಆಯಿತು.

ನಾಲ್ಕನೇ ದಿನ, ಬೆಳಿಗ್ಗೆ

ನಾಲ್ಕನೇ ದಿನ ಎಲ್ಲ ಮಕ್ಕಳಂತೆ ಏಳೂವರೆಗೇ ಬರಲು ಹೇಳಿದ್ದರು. ನಾನು ಬೆಂಚಿನ ಮೇಲೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಏನೋ ಹಾಡು ಹಾಕಿದರು, ಮಕ್ಕಳೆಲ್ಲ ಎದ್ದು ಅತ್ತಿತ್ತ ಓಡಿದವು. ಬೇರೆ ಯಾರನ್ನೂ ಗಮನಿಸದೆ ನನ್ನ ಕಣ್ಣು ಪಾವನಿಯನ್ನೇ ಹುಡುಕುತ್ತ ವರಾಂಡದ ಕೊನೆಯ ಶೌಚಾಲಯದ ಬಾಗಿಲಿಗೆ ಹೋಯಿತು. ಅಲ್ಲಿ ನೋಡುತ್ತೇನೆ, ಪಾವನಿಯ ಕೈಯಲ್ಲಿ ಪೊರಕೆ! ಒದ್ದೆ ನೆಲದ ಮೇಲೆ ನಿಂತಿದ್ದಾಳೆ. ಎದುರಿಗೆ ಒಬ್ಬ ಹುಡುಗ ಬೆರಳು ತೋರಿಸಿ ಇಲ್ಲಿ ಗುಡಿಸು, ಅಲ್ಲಿ ಗುಡಿಸು ಎನ್ನುತ್ತಿದ್ದಾನೆ.

ನನಗೆ ರಕ್ತ ಕುದಿಯಿತು. ಯಾಕೆಂದು ಹೇಳಬೇಕು. ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ನಾನು ಹೊಸ ಮೇಷ್ಟ್ರಾಗಿದ್ದಾಗ, ಅಲ್ಲಿ ಕಕ್ಕಸು ತೊಳೆಯಲು ದಿನಾ ಮೂರೇ ಮಕ್ಕಳನ್ನು ಕಳಿಸುತ್ತಿದ್ದರು. ಮೂವರೂ ಒಂದೇ ಕೇರಿಯವರು. ಉಳಿದ ಮಕ್ಕಳು ಪಾಠ ಕೇಳುವಾಗ ಆ ಮೂವರು ಬಕೆಟ್ಟು ಹೊರುತ್ತಿದ್ದರು. ನಾನು ಜಗಳ ತೆಗೆದೆ, ಅದಕ್ಕೇ ನನ್ನ ವರ್ಗವೂ ಆಯಿತು. ಅಂದಿನಿಂದ ನಾನಿದ್ದ ಶಾಲೆಯಲ್ಲಿ ಯಾವ ಮಗುವೂ ಪೊರಕೆ ಮುಟ್ಟಲಿಲ್ಲ, ಆಯಾ ಬರದ ದಿನ ನಾನೇ ಗುಡಿಸಿದೆ. ಈಗ ಇಲ್ಲಿ, ಬಣ್ಣ ಕಪ್ಪು, ಬಾಯಿಗೆ ಭಾಷೆಯಿಲ್ಲ, ಕೇಳುವವರಿಲ್ಲ ಎಂದು ನನ್ನ ಮಗುವಿನ ಕೈಗೆ ಪೊರಕೆ ಕೊಟ್ಟರು ಎಂದೇ ತಿಳಿದೆ.

ಓಡಿಹೋಗಿ ಪೊರಕೆ ಕಿತ್ತುಕೊಂಡೆ. “ಯಾವನ್ಲಾ ಅವ್ನು ನಮ್ಮ ಮಗೀಗೆ ಪೊರಕೆ ಕೊಟ್ಟೋನು!” ಎಂದು ಗರ್ಜಿಸಿದೆ. ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದ ದನಿ ಅದು, ಇನ್ನೂ ಸವೆದಿರಲಿಲ್ಲ. ಬೆರಳು ತೋರಿಸುತ್ತಿದ್ದ ಹುಡುಗ ಗೋಡೆಗೆ ಅಂಟಿಕೊಂಡ.

ಆಗ ಶೌಚಾಲಯದ ಒಳಗಿನಿಂದ ಒಬ್ಬರು ಹೊರಗೆ ಬಂದರು. ಮೊಣಕೈವರೆಗೆ ರಬ್ಬರ್ ಗ್ಲೌಸು, ಕೈಯಲ್ಲಿ ಕಕ್ಕಸು ಉಜ್ಜುವ ಬ್ರಷ್ಷು, ಹಣೆಗೆ ಅಂಟಿದ ಕೂದಲು. ಹೆಡ್ಮಿಸ್ಸು!

ನಾನು ಮೊದಲ ಸಲ ಸುತ್ತ ನೋಡಿದೆ. ಕಿಟಕಿ ಒರೆಸುತ್ತಿರುವವರು, ಅಂಗಳದ ಎಲೆ ಗುಡಿಸುತ್ತಿರುವವರು, ಚರಂಡಿ ಬಳಿಯುತ್ತಿರುವವರು. ಇಡೀ ಶಾಲೆಯ ಕೈಯಲ್ಲಿ ಪೊರಕೆ, ಬಟ್ಟೆ, ಬಕೆಟ್ಟು. ಮಿಸ್ ಚೆನ್ ಕೂಡ ಕಸದ ಮೊರ ಹಿಡಿದು ನಿಂತಿದ್ದರು. ಅಲ್ಲಿ ದಿನಾ ಬೆಳಿಗ್ಗೆ ಶಾಲೆ ತೊಳೆದೇ ಪಾಠ ಶುರು ಮಾಡುವುದು. ಯಾವ ಮನೆಯ ಮಗುವಾದರೂ ಸರಿ, ಪಾಳಿ ತಪ್ಪುವುದಿಲ್ಲ.

“ತಾತಾ! ಕೊಡು ನನ್ ಪೊರಕೆ!” ಪಾವನಿ ಕಿರುಚಿದಳು. “ಗೋಡೇಲಿ ಪಟ್ಟಿ ಐತೆ, ಎಲ್ಲರ್ ಎಸ್ರೂ ಇತ್ತು, ನಂದ್ ಒಂದೇ ಇರ್ನಿಲ್ಲ. ಇವತ್ತು ಇಂಗ್ಲಿಷಲ್ಲಿ ಬರ್ದವ್ರೆ. ಇವತ್ತು ನನ್ ಪಾಳಿ! ಯಾಕ್ ಇಂಗ್ ಮಾಡ್ದೆ?”

ಪೊರಕೆ ಕೊಟ್ಟೆ. ಅವಳು ನನಗೆ ಬೆನ್ನು ತಿರುಗಿಸಿ ಗುಡಿಸತೊಡಗಿದಳು.

ತಪ್ಪೊಪ್ಪಿಗೆ

ಆ ಸಂಜೆ ಸುಮಾ ನನ್ನೊಂದಿಗೆ ಆಡಿದ್ದು ಒಂದೇ ಮಾತು. “ಇದ್ದ ಒಂದ್ ದಾರೀನೂ ಮುಚ್ಚಾಕ್ಬುಟ್ರಲ್ಲಪ್ಪಾ.”

ನನ್ನ ಜೀವಮಾನದಲ್ಲಿ ಪುಂಡ ಹುಡುಗರಿಂದ ನಾನು ಬರೆಸಿಕೊಂಡ ತಪ್ಪೊಪ್ಪಿಗೆ ಪತ್ರಗಳಿಗೆ ಲೆಕ್ಕವಿಲ್ಲ. ‘ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಈ ಮೂಲಕ’ ಎಂಬ ಒಕ್ಕಣೆಯೂ ನಾನೇ ಹೇಳಿಕೊಟ್ಟದ್ದು. ನಾನೇ ಬರೆಯಲು ಕೂತಾಗ ಅದು ಎಷ್ಟು ಕಷ್ಟ ಎಂದು ಗೊತ್ತಾಯಿತು. ಮೂರು ಹಾಳೆ ಹರಿದೆ. ಮರುದಿನ ಹೆಡ್ಮಿಸ್ಸಿನ ಕೋಣೆಯಲ್ಲಿ, ಕೂರಿ ಎಂದರೂ ಕೂರದೆ, ನಮ್ಮ ಹುಡುಗರು ನನ್ನ ಮುಂದೆ ನಿಲ್ಲುತ್ತಿದ್ದಂತೆಯೇ ನಿಂತು ಕನ್ನಡದಲ್ಲಿ ಓದಿದೆ. ಸುಮಾ ಇಂಗ್ಲಿಷಿಗೆ, ಮಿಸ್ ಚೆನ್ ಚೀನಿಗೆ ತಿರುಗಿಸಿದರು. ಆ ಮೂವರು ಮಕ್ಕಳ ಕಥೆಯನ್ನೂ ಬರೆದಿದ್ದೆ. ಸುಮಾಳಿಗೂ ಆ ಕಥೆ ಗೊತ್ತಿರಲಿಲ್ಲ. ಅವಳು ನನ್ನ ತೋಳು ಹಿಡಿದುಕೊಂಡಳು.

ಹೆಡ್ಮಿಸ್ಸು ತಮ್ಮದನ್ನು ಹೇಳಿದರು. ಅವರ ಮನೆಮಾತು ಚೀನಿಯಲ್ಲ, ಆ ದ್ವೀಪದ ಹಳ್ಳಿಗಳ ಬೇರೆ ನುಡಿ. ಅವರು ಚಿಕ್ಕವರಿದ್ದಾಗ ಶಾಲೆಯಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಹಲಗೆ ತೂಗುಹಾಕಿ ನಿಲ್ಲಿಸುತ್ತಿದ್ದರಂತೆ. “ನನ್ನನ್ನೂ ನಿಲ್ಲಿಸಿದ್ದರು,” ಎಂದು ಕೊರಳು ಮುಟ್ಟಿ ತೋರಿಸಿದರು. “ನಿಮ್ಮ ಕೋಪ ನನಗೆ ಅರ್ಥವಾಗುತ್ತದೆ. ಹುಡುಗಿಗೆ ಇಲ್ಲಿ ಜಾಗವಿದೆ. ಮನೆಯಲ್ಲಿ ನಿಮ್ಮ ಮಾತನ್ನೇ ಆಡಿ, ಅದನ್ನು ಉಳಿಸುವುದು ನಿಮ್ಮ ಕೆಲಸ. ನಮ್ಮ ಮಾತು ಕಲಿಸುವುದು ನನ್ನ ಕೆಲಸ.”

ನನಗೆ ಕೈಮುಗಿಯಬೇಕೆನಿಸಿತು. ಮುಗಿದೆ. ಈ ಸಲ ಯಾರೂ ನಗಲಿಲ್ಲ.

“ಆದರೆ ಹೆಡ್ಮಾಸ್ಟರೇ,” ಎಂದರು ಆಕೆ, “ನೀವು ಆ ಬೆಂಚಿನ ಮೇಲೆ ಇರುವತನಕ ಅವಳಿಗೆ ನಮ್ಮ ಮಾತು ಬೇಕಾಗುವುದಿಲ್ಲ. ನಾಳೆಯಿಂದ ಗೇಟಿನ ತನಕ ಮಾತ್ರ ಬನ್ನಿ.”

ಎಷ್ಟು ಮೆತ್ತಗೆ ಹೇಳಿದರು! ಆದರೆ ನನ್ನ ಒಳಗಿನದನ್ನು ಆಕೆ ಓದಿಬಿಟ್ಟಿದ್ದರು. ಮಗುವಿಗೆ ಧೈರ್ಯ ತುಂಬಲು ಕೂತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಾನು ಕೂತಿದ್ದು ಅವಳು ಒಗ್ಗಿಕೊಳ್ಳದಿರಲಿ ಎಂದು.

ಗೇಟಿನ ಹೊರಗೆ

ಆಮೇಲಿನ ದಿನಗಳಲ್ಲಿ ನನಗೆ ಕೆಲಸವಿರಲಿಲ್ಲ. ಗಲ್ಲಿಯಾಚೆಯ ಒಂದು ಹಳೆಯ ಗುಡಿಯ ನೆರಳಲ್ಲಿ ಹೋಗಿ ಕೂರುತ್ತಿದ್ದೆ. ನಮ್ಮ ಗೋವಿಂದನಹಳ್ಳಿಯ ಪಂಚಲಿಂಗೇಶ್ವರನ ಗುಡಿಯಲ್ಲಿ ಮಧ್ಯಾಹ್ನದ ಹೊತ್ತು ಇರುತ್ತದಲ್ಲ, ಅಂಥ ತಂಪು. ಅಲ್ಲಿ ಚದುರಂಗ ಆಡುವ ಮುದುಕರು ನನಗೂ ಒಂದು ಲೋಟ ಟೀ ಬಗ್ಗಿಸುತ್ತಿದ್ದರು. ಹಾಲಿಲ್ಲ, ಸಕ್ಕರೆಯಿಲ್ಲ. ಸಕ್ಕರೆ ಕಾರ್ಖಾನೆ ಇರುವ ಊರಿನವನಿಗೆ ಅದೊಂದು ಶಿಕ್ಷೆ. ಆದರೂ ಕುಡಿದೆ, ಕೊಡುವವರ ಮುಖ ಅಷ್ಟು ಚೆನ್ನಾಗಿತ್ತು.

ಎರಡನೇ ಸಂಜೆ ಶಾಲೆ ಬಿಟ್ಟಾಗ ಪಾವನಿ ಅದೇ ಬೆರಳು ತೋರಿಸುವ ಹುಡುಗನೊಂದಿಗೆ ಜಗಳವಾಡುತ್ತಲೇ ಹೊರಗೆ ಬಂದಳು. ಚೀನಿಯಲ್ಲಿ! ಇದ್ದದ್ದು ಎರಡೇ ಮಾತು, ಅವನ್ನೇ ಹಿಂದೆ ಮುಂದೆ ಮಾಡಿ ಜೋರಾಗಿ ಹೇಳುತ್ತಿದ್ದಳು. ಮಗು ಜಗಳಕ್ಕಿಳಿಯಿತೆಂದರೆ ಇನ್ನು ಭಯವಿಲ್ಲ ಎಂದು ನನ್ನ ಅನುಭವ. ನನ್ನನ್ನು ಕಂಡವಳೇ, “ಅವ್ನು ನೀರ್ ಉಯ್ಯೋ ಮುಂಚೇನೇ ಗುಡಿಸ್ತಾನೆ ತಾತಾ, ಗೊತ್ತೇ ಇಲ್ಲ ಅವ್ನಿಗೆ,” ಅಂದಳು. ಮನೆ ಬರುವಷ್ಟರಲ್ಲಿ ತೀರ್ಮಾನವನ್ನೂ ಹೇಳಿಬಿಟ್ಟಳು. “ನಾನ್ ಇಲ್ಲೇ ಇರ್ತೀನಿ. ನೀನ್ ಓಗ್ಬುಟ್ಟು ಅಜ್ಜೀನ್ ಕರ್ಕಂಡ್ ಬಾ.” ಸುಮಾ ಆ ಸಂಜೆಯೇ ಅವಳ ಟಿಕೆಟು ರದ್ದು ಮಾಡಿದಳು. ಫೋನಿನಲ್ಲಿ ಜಯಮ್ಮ, “ಓಗ್ಲಿ, ಮಗಳ ಕೆಲ್ಸ ಉಳೀತಲ್ಲ. ಮಾದೇಸ್ವರ ಕಣ್ ಬುಟ್ಟ,” ಅಂದಳು.

ನನ್ನ ವಿಮಾನ ಸೋಮವಾರ ಮಧ್ಯಾಹ್ನ. ಬೆಳಿಗ್ಗೆ ಪಾವನಿಯನ್ನು ಗೇಟಿನ ತನಕ ನಾನೇ ಕರೆದೊಯ್ದೆ. ಹೆಡ್ಮಿಸ್ಸು ಎಂದಿನಂತೆ ಗೇಟಿನಲ್ಲಿ ನಿಂತು ಒಂದೊಂದು ಮಗುವಿಗೂ ತಲೆಬಾಗಿ ಬರಮಾಡಿಕೊಳ್ಳುತ್ತಿದ್ದರು. ಪಾವನಿ ನನ್ನ ಸೊಂಟ ತಬ್ಬಿದಳು, ಬಿಟ್ಟಳು, ಓಡಿದಳು. ಅಳುತ್ತಾಳೆ, ಹೀಗೆ ಹೀಗೆ ಸಮಾಧಾನ ಮಾಡಬೇಕು ಎಂದು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬೇಕಾಗಲಿಲ್ಲ. ನಾನು ಗೇಟಿನ ಕಂಬಿ ಹಿಡಿದು ಅಲ್ಲೇ ನಿಂತೆ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಹೊಳೆಯಲಿಲ್ಲ.

ಮೂವತ್ತಾರು ಜೂನ್ ತಿಂಗಳು ನಾನು ಗೇಟಿನ ಒಳಗಡೆ ನಿಂತವನು. ಒಂದನೇ ಕ್ಲಾಸಿಗೆ ಮಗುವನ್ನು ಬಿಟ್ಟು ಹೋಗಲಾರದೆ ಕಂಬಿ ಹಿಡಿದು ಅಳುವ ಅಪ್ಪ ಅಮ್ಮಂದಿರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹೆಗಲು ಹಿಡಿದು ರಸ್ತೆಯ ಕಡೆ ತಿರುಗಿಸಿ, “ಓಗಿ, ತಿರುಗಿ ನೋಡ್ಬೇಡಿ, ನಾವಿದ್ದೀವಿ,” ಎಂದು ಕಳಿಸುತ್ತಿದ್ದೆ. ಅವರು ಹೇಗೆ ಹೋದರೆಂದು ಎಂದೂ ಯೋಚಿಸಿರಲಿಲ್ಲ.

ಹೆಡ್ಮಿಸ್ಸು ಬಂದರು. ಮಿಸ್ ಚೆನ್ ಹತ್ತಿರವಿರಲಿಲ್ಲ, ಮಾತು ತಿರುಗಿಸುವವರು ಯಾರೂ ಇರಲಿಲ್ಲ. ಕಂಬಿಯ ಮೇಲಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ನನ್ನ ಹೆಗಲು ಹಿಡಿದು ರಸ್ತೆಯ ಕಡೆ ತಿರುಗಿಸಿದರು. ಅವರ ಭಾಷೆಯಲ್ಲಿ ಏನೋ ಹೇಳಿದರು. ಏನೆಂದು ನನಗೆ ಒಂದಕ್ಷರ ಬಿಡದೆ ಗೊತ್ತಿತ್ತು. ನಡೆದೆ.